ಮಿಸ್ಸಿನ ಹುಬ್ಬು

ಫ್ಯಾನಿನ ಗಾಳಿಗೆ ಪೆನ್ಸಿಲ್ ಸಿಪ್ಪೆಯೊಂದು ನೆಲದ ಮೇಲೆ ಉರುಳುತ್ತದೆ, ನಿಲ್ಲುತ್ತದೆ, ಕೆಂಪು ಅಂಚಿನ ಪುಟ್ಟ ಲಂಗದ ಹಾಗೆ, ತಾನೂ ಹಾಗೇ ಉರುಳಿಕೊಂಡು ಬಾಗಿಲು ದಾಟಿಬಿಟ್ಟರೆ ಎಂದುಕೊಳ್ಳುತ್ತಾಳೆ ಎರಡನೇ ತರಗತಿಯ ಮಿಸ್, ಕೈಯಲ್ಲಿ ಪ್ರಶ್ನೆಪತ್ರಿಕೆ, ಎದುರಿಗೆ ಎತ್ತಿದ ಮುಖಗಳು — ಕೆಳಗೆ ನೋಡ್ರೋ, ಕಥೆ ಪೇಪರಲ್ಲಿದೆ, ನನ್ನ ಮುಖದಲ್ಲಲ್ಲ — ಹೇಳುವಂತಿಲ್ಲ, ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಮೊಣಕಾಲು ಮಡಚಿ ಹೇಗೋ ತುರುಕಿಕೊಂಡು ಕೂತಿದ್ದಾರೆ, ಕಥೆ ಮಕ್ಕಳೇ ಓದ್ಕೋಬೇಕು ಮೇಡಂ, ಪ್ರಶ್ನೆ, ಉತ್ತರ ಮಾತ್ರ ನೀವು ಓದಿ, ಒಂದೇ ದನಿಯಲ್ಲಿ. ದನಿಯ ಚಿಂತೆಯಿಲ್ಲ ಅವಳಿಗೆ, ಹುಬ್ಬಿನದೇ ಚಿಂತೆ. ವರ್ಷವಿಡೀ ಇದೇ ಅಭ್ಯಾಸ, ಹಾಡಿನ ಪಿರಿಯಡ್ಡೂ ಇದಕ್ಕೇ, ಚಿತ್ರದ ಪಿರಿಯಡ್ಡೂ ಇದಕ್ಕೇ, ಅವಳು ಓದುವುದು, ಅವರು ಉತ್ತರದ ಸೊನ್ನೆಯೊಳಗೆ ಕಪ್ಪು ತುಂಬುವುದು, ತಪ್ಪೇ ಇಲ್ಲ, ಅದೇನು ಮೋಡಿ ಮಾಡಿದ್ದೀರ್ರೀ ಎಂದು ಹೆಡ್‌ಮಿಸ್ ಎಲ್ಲರೆದುರು ಹೊಗಳಿದ್ದರು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಲೇ ಓದಿ ಪಾಸಾದವಳಿಗೆ ಆ ಮಾತು ಎದೆಯಲ್ಲಿ ಬೆಚ್ಚಗಿತ್ತು, ನಿನ್ನೆಯ ತನಕ, ನಿನ್ನೆ ಬೆಲ್ ಹೊಡೆದ ಮೇಲೆ ಎರಡು ಜಡೆಯವಳು ಚೀಲ ಹೆಗಲಿಗೇರಿಸುತ್ತಾ, ಮಿಸ್, ನಾಳೆ ಕನ್ನಡಕ ಹಾಕ್ಬೇಡಿ ಮಿಸ್, ಯಾಕೆ ಪುಟ್ಟ, ಹುಬ್ಬು ಸರಿಯಾಗಿ ಕಾಣಲ್ಲ, ಸರಿ ಉತ್ತರ ಬಂದಾಗ ಮೇಲೆ ಹೋಗುತ್ತಲ್ಲ, ಅದು. ಎಲ್ರಿಗೂ ಗೊತ್ತಾ? ಎಲ್ರಿಗೂ ಗೊತ್ತು, ನಿಮಗೆ ಗೊತ್ತಿಲ್ವಾ ಮಿಸ್?

ಗೊತ್ತಿರಲಿಲ್ಲ, ತನ್ನ ಮುಖದ್ದೇ ತನಗೆ ಗೊತ್ತಿರಲಿಲ್ಲ, ಬೆಳಿಗ್ಗೆ ಕನ್ನಡಿಯ ಮುಂದೆ ಹುಬ್ಬನ್ನು ಬೆರಳಿನಿಂದ ಅದುಮಿ ಹಿಡಿದು ಓದುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ, ಏನಮ್ಮಾ, ಯಾವ ನಾಟಕ, ರಾಣಿ ಪಾರ್ಟಾ, ನಗು ಬಂತು, ಅದರ ಬೆನ್ನಿಗೇ — ಹಾಗಾದರೆ ಓದಲು ಬರುತ್ತದೆಯೇ ಅವರಿಗೆ, ಒಬ್ಬರಿಗಾದರೂ, ಇವತ್ತು ಹುಬ್ಬು ಎತ್ತಿದರೆ ಎಲ್ಲರೂ ಪಾಸು, ಓದಲು ಬರುತ್ತದೋ ಇಲ್ಲವೋ ಮಾತ್ರ ಎಂದೂ ತಿಳಿಯುವುದಿಲ್ಲ, ಎತ್ತದಿದ್ದರೆ ತಿಳಿದುಬಿಡುತ್ತದೆ, ಯಾವುದಕ್ಕೆ ಹೆಚ್ಚು ಹೆದರಬೇಕು, ಕನ್ನಡಕವನ್ನಂತೂ ಹಾಕಿಕೊಂಡೇ ಬಂದಿದ್ದಾಳೆ. ಕಥೆ ಪುಟ್ಟದು, ಇರುವೆಗೆ ಸಕ್ಕರೆ ಸಿಕ್ಕಿತು, ಗೂಡಿಗೆ ನೀರು ನುಗ್ಗಿತ್ತು, ಅದಕ್ಕೇ ಮರದ ಮೇಲಕ್ಕೆ ಹೊತ್ತೊಯ್ದಿತು, ಓದಿದವರಿಗೆ ಎಷ್ಟು ಸುಲಭ, ಓದಿ ಮಕ್ಕಳೇ, ಓದು ಕಂದಾ, ಇರುವೆ ಸಕ್ಕರೆಯನ್ನು ಎಲ್ಲಿಗೆ ಒಯ್ದಿತು, ಎ, ಗೂಡಿಗೆ, ಬಿ, ಮರಕ್ಕೆ, ಹುಬ್ಬು ಕಲ್ಲಾಗಿ ನಿಂತಿದೆ, ಸಿ, ಅಂಗಡಿಗೆ, ಡಿ, ನದಿಗೆ, ಮುಗಿಯಿತು, ಒಂದು ಪೆನ್ಸಿಲ್ಲೂ ಅಲುಗಲಿಲ್ಲ, ನೀರಿನಡಿ ಕೂತವರ ಹಾಗೆ ಕಣ್ಣರಳಿಸಿ ಕಾಯುತ್ತಿದ್ದಾರೆ, ಇನ್ನೊಂದು ಸಲ ಓದಬಹುದು, ಮೇಲ್ವಿಚಾರಕರು ತಲೆಯಾಡಿಸುತ್ತಾರೆ, ಎರಡು ಜಡೆಯವಳು ಕನಿಕರದಿಂದ ನೋಡುತ್ತಿದ್ದಾಳೆ, ಪಾಪ, ಮಿಸ್‌ಗೆ ಉತ್ತರ ಮರೆತೇಹೋಗಿದೆ, ತೋಚದೆ ನಿಂತ ಮಗುವನ್ನು ಮಿಸ್ ನೋಡುವುದೂ ಹೀಗೆಯೇ ಅಲ್ಲವೇ, ಎ, ಗೂಡಿಗೆ — ಮೇಲೇಳುತ್ತವೆ ಎರಡು ಜಡೆಯವಳ ಎಳೆಯ ಹುಬ್ಬುಗಳು, ನೆನಪು ಮಾಡಿಕೊಡಲು, ಮೆಲ್ಲಗೆ, ಪಕ್ಕದವರು ಅವಳತ್ತ ತಿರುಗುತ್ತಾರೆ, ಪೆನ್ಸಿಲ್‌ಗಳು ಎ ಕಡೆಗೆ ಬಾಗುತ್ತವೆ, ಬಿ ಎನ್ನಬೇಕು, ಮಿಸ್ ಆ ಮುಖವನ್ನೇ ನೋಡುತ್ತಾಳೆ, ಅಷ್ಟು ಅಕ್ಕರೆಯಿಂದ, ಅಷ್ಟು ನಂಬಿಕೆಯಿಂದ, ಮೇಲೆ, ಇನ್ನೂ ಮೇಲೆ, ಆ ಎರಡು ಹುಬ್ಬು