ಮುಂದಿನ ಸೀಟು

ಬೆತ್ತ ಮತ್ತೆ ಜಾರಿತು, ಸೀಟಿನ ಚೌಕಟ್ಟಿನ ತೂತಿನೊಳಗೆ ತೂರಿಸಿದರೆ ಪಕ್ಕದಿಂದ ಇಣುಕುತ್ತದೆ, ಬಾ ಇತ್ತ, ನಿನ್ನಂಥ ಎಷ್ಟು ದಾರಗಳನ್ನು ಸೂಜಿಗೆ ಪೋಣಿಸಿಲ್ಲ ನಾನು — ಏ ಇವಳೇ, ನೆನೆಸಿದ್ಯಾ? ಶೆಡ್ಡಿನಿಂದ ಇವರ ಕೂಗು, ದೋಣಿಯ ಮೈ ಉಜ್ಜುತ್ತ ಅಲ್ಲಿಂದಲೇ ಯಜಮಾನಿಕೆ, ನೆನೆಸಿದೆ ಕಣ್ರೀ, ಬಕೆಟ್ಟಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದೆ, — ಎಂಥ ಮಾತು ಅದು, ನೆನೆಸುವುದು, ಬೆತ್ತವನ್ನೂ ನೆನೆಸಬಹುದು, ಆ ದಿನವನ್ನೂ ನೆನೆಸಬಹುದು, ಇವರು ಕೇಳಿದ್ದು ಬೆತ್ತದ ವಿಚಾರ, ನನಗೆ ಬರುವುದು ಇನ್ನೊಂದು, ಬೇಡ, ಕೈಕೆಲಸ ನೋಡು. ಮೊದಲ ಸಲದ ಘನಕಾರ್ಯ ನೆನೆದರೆ ಈಗಲೂ ನಗು, ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ, ಹೊಸ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ ಇಡುವವಳು ನಾನು, ಬೆತ್ತಕ್ಕೂ ಅದೇ ಮರ್ಯಾದೆ ಮಾಡಿದೆ, ನೆನೆಸಿ, ತಂತಿಯ ಮೇಲೆ ಹರವಿ, ಗರಿಗರಿ ಒಣಗಿಸಿ ಹೆಣೆಯಲು ಕೂತೆ, ಪಟ್ ಪಟ್ ಅಂತ ಮುರಿಯಿತು, ಇವರು ಬಾಗಿಲಲ್ಲಿ ನಿಂತು, ಇಸ್ತ್ರಿ ಒಂದು ಬಾಕಿ ಇತ್ತಲ್ಲೇ, ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು, ಮೈ ಉರಿಯಿತು, ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು, ಇನ್ನೊಂದು ಸುರುಳಿ ಹಾಳಾದರೂ ಸರಿಯೇ ಅನ್ನಿಸಿತು. ಕುರ್ಚಿ ಹೆಣೆಯುವ ಅಜ್ಜಿಯ ಹತ್ತಿರ ಓಡಿದೆ, ಒದ್ದೆ ಇರುವಾಗಲೇ ಹೆಣಿ ಮಗಳೇ, ಜಾಸ್ತಿ ಎಳೀಬೇಡ, ಒಣಗ್ತಾ ಅದೇ ಬಿಗಿಯಾಗುತ್ತೆ, — ಎಷ್ಟು ಸಡಿಲ ಬಿಡೋದು ಅಜ್ಜಿ? — ಅದನ್ನ ಹೇಳೋಕೆ ಬಂದಿದ್ರೆ ನಾನು ಮೇಷ್ಟ್ರಾಗಿರ್ತಿದ್ದೆ, ಹೋಗು.

ಈಗ ಓರೆ ಎಳೆಗಳ ಸರದಿ, ಮೊದಲು ಉದ್ದ, ಆಮೇಲೆ ಅಡ್ಡ, ಅದರ ಮೇಲೆ ಮತ್ತೊಂದು ಉದ್ದ, ಮತ್ತೊಂದು ಅಡ್ಡ, ಅಲ್ಲಿಯವರೆಗೆ ಬರೀ ಚೌಕ ಚೌಕ, ಕಿಟಕಿಯ ಜಾಲರಿ ಥರ, ಮೂಲೆಯಿಂದ ಒಂದು ಓರೆ ಎಳೆ ಬಂತೋ, ಅರೆರೇ, ಚೌಕ ಎಲ್ಲಿ ಹೋಯಿತು? ಮೂಲೆಗಳೇ ಮಾಯ, ದುಂಡಗಿನ ಕಣ್ಣೊಂದು ಕೂತಿದೆ, ಯಾರಪ್ಪಾ ಇದನ್ನು ಮೊದಲು ಕಂಡುಹಿಡಿದವರು, ನನ್ನ ಹಾಗೆ ತಪ್ಪು ಮಾಡುತ್ತಲೇ ಸಿಕ್ಕಿರಬೇಕು. ಅದಿರಲಿ, ಇದು ಯಾರು ಕೂರುವುದಕ್ಕೆ? ಚೌಕಟ್ಟಿನ ಅಡಿಯಲ್ಲಿ ಪೆನ್ಸಿಲ್ಲಿನಲ್ಲಿ ಇವರೇ ಬರೆದಿದ್ದಾರೆ, ಮುಂದೆ ಅಂತ, ಅಷ್ಟೇ, ಮುಂದೆ ಯಾರು ಅಂತ ಬರೆದಿಲ್ಲ, ಒಬ್ಬರೇ ನೀರಿಗಿಳಿಯೋ ಹಾಗಿಲ್ಲ ಎಂದಿದ್ದಾರೆ ಡಾಕ್ಟರು, ಅಂದಮೇಲೆ ಇನ್ನೊಬ್ಬರು ಬೇಕು, ದೋಣಿ ತಿರುಗಿಸುವ ಕೆಲಸ ಹಿಂದೆ ಕೂತವರದಂತೆ, ಅದಂತೂ ಇವರದೇ, ಕೇಳಬೇಕೇ, ಜೀವಮಾನವೆಲ್ಲ ಬಸ್ಸಿನ ಸ್ಟೇರಿಂಗ್ ಬಿಡದ ಮನುಷ್ಯ, ನನ್ನ ಸ್ಕೂಟರಿನ ಹಿಂದೆ ಕೂರಲೂ ಒಪ್ಪದವರು, ಮುಂದಿನದು ಪೋಸ್ಟ್‌ಮ್ಯಾನ್ ಗೆಳೆಯನಿಗೋ, ಅವರಿಬ್ಬರದು ಒಂದೇ ಜೀವ, ನನಗೆ ಇದುವರೆಗೆ ಬಾ ಅಂದಿಲ್ಲ, ಅಂದರೂ ಹೋಗಲಿಕ್ಕಿಲ್ಲ ನಾನು, ಮುಂದೆ ಕೂತರೆ ಇವರಿಗೆ ಬೆನ್ನು ಹಾಕಿ ಕೂರಬೇಕು, ಆಗದು, ಆ ದಿನವೂ ಬೆನ್ನು ಹಾಕಿಯೇ ಕೂತಿದ್ದೆ, ಮೆಷಿನ್ನು ಟಕಟಕ ಓಡುತ್ತಿತ್ತು, ಹಿಂದೆ ಇವರು ಕುಸಿದದ್ದು ಕೇಳಿಸಲಿಲ್ಲ, ಅಂಗಿಗೆ ತೋಳು ಜೋಡಿಸಿ ದಾರ ಕತ್ತರಿಸಿ ತಿರುಗಿದರೆ ನೆಲದ ಮೇಲೆ — ಆಮೇಲೆ ಆಸ್ಪತ್ರೆಯ ಗಾಜಿನಾಚೆ ಇವರೆದೆಯ ಮೇಲೆ ಆ ಬಿಳಿ ಹೊದಿಕೆ, ಏರುತ್ತದೆ, ಇಳಿಯುತ್ತದೆ, ಕಣ್ಣು ತೆಗೆದರೆ ನಿಂತೇಬಿಡುತ್ತದೆ ಅನ್ನುವ ಹಾಗೆ ನೋಡುತ್ತ ನಿಂತಿದ್ದೆ, ಥೂ, ಎಳೆ ತಿರುಚಿಕೊಂಡಿತು, ಬಿಚ್ಚು.

ಚಪ್ಪಲಿ ಸದ್ದು, ಬಂದರು, ಕೈತುಂಬ ಮರದ ಪುಡಿ, ಬಗ್ಗಿ ನೋಡಿ, ಪರವಾಗಿಲ್ವೇ ನಮ್ಮ ಟೈಲರಮ್ಮ, ಎಂದರು, ಕೇಳಿಯೇಬಿಟ್ಟೆ, ರೀ, ಇದು ಯಾರಿಗೆ? — ಯಾವುದು? — ಮುಂದಿನದು. — ನನಗೆ. — ನಿಮಗಾ? ಮತ್ತೆ ಹಿಂದೆ ಯಾರು? — ನೀನು, ಇನ್ಯಾರು? ಪೋಸ್ಟ್‌ಮ್ಯಾನ್ ಕೂತ್ರೆ ದೋಣಿ ಅಲ್ಲೇ ಮುಳುಗುತ್ತೆ. — ನನಗೆ ತಿರುಗಿಸೋಕೆ ಬರಲ್ಲ ರೀ. — ಈ ಹೆಣಿಗೆ ಬರ್ತಿತ್ತಾ? — ತಮಾಷೆ ಬೇಡ, ಸ್ಟೇರಿಂಗ್ ಇನ್ನೊಬ್ಬರ ಕೈಗೆ ಕೊಟ್ಟು ಕೂರೋಕಾಗುತ್ತಾ ನಿಮಗೆ? ಅಂಗೈಯನ್ನು ಲುಂಗಿಗೆ ಒರೆಸಿದರು, ಮತ್ತೆ ಒರೆಸಿದರು, ರಾತ್ರಿ ಎದ್ದೆದ್ದು ನನ್ನ ಮೂಗಿನ ಹತ್ರ ಕೈ ಹಿಡೀತೀಯಲ್ಲ, ನಾನು ಎಚ್ಚರಾಗೇ ಇರ್ತೀನಿ ಕಣೇ, ಎಂದರು, ಮುಂದೆ ಕೂತ್ಕೋತೀನಿ, ನೋಡ್ಕೊಂಡಿರು.

ಹೋದರು, ಶೆಡ್ಡಿನಲ್ಲಿ ಉಜ್ಜುವ ಸದ್ದು ಮತ್ತೆ ಶುರುವಾಯಿತು, ಕಳ್ಳ, ಎಚ್ಚರ ಇದ್ದುಕೊಂಡೇ ಗೊರಕೆ ಹೊಡೆಯುತ್ತಿದ್ದರಾ, ನನಗೋಸ್ಕರವಾ, ಬೆತ್ತ ಕೈಯಲ್ಲೇ ಒಣಗುತ್ತಿದೆ, ಎಳೆಯಬೇಕು, ಈ ಓರೆ ಮುಗಿಸಬೇಕು, ಹುಟ್ಟು ಹಾಕುವುದು ಎಡಕ್ಕೋ ಬಲಕ್ಕೋ, ಎಡಕ್ಕೆ ಹಾಕಿದರೆ ಬಲಕ್ಕೆ ತಿರುಗುತ್ತದಂತೆ, ಯಾಕೆ ಹಾಗೆ, ಕೇಳಬೇಕು, ಎಲ್ಲವನ್ನೂ ಕೇಳಬೇಕು, ಆದರೆ ಕಣ್ಣಿಗೆ ಕಟ್ಟುವುದು ದೋಣಿಯಲ್ಲ, ನೀರೂ ಅಲ್ಲ, ನನ್ನೆದುರಿಗೆ ಒಂದು ಬೆನ್ನು, ನಾನೇ ಹೊಲಿದ ಅಂಗಿ, ಅಂಗಿಯೊಳಗೆ ಬೆನ್ನು ಏರುತ್ತದೆ, ಇಳಿಯುತ್ತದೆ, ಏರುತ್ತದೆ, ಇಳಿಯುತ್ತದೆ, ಏರುತ್ತದೆ