ಹಳ್ಳಕ್ಕೆ ಮಾತ್ರ ನಿಲ್ಲುವ ಹಾಡು

ರೇಡಿಯೋದಲ್ಲಿ ತನ್ನದೇ ದನಿ ಕೇಳಿ ಡೆಲ್ಫಿಯಾಗೆ ಮೈಯೆಲ್ಲ ಉರಿಯಿತು. ಬೆಳಗಿನ ಜಾವದಿಂದ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು, ಕೇನ್‌ಬ್ರೇಕ್ ಹಳ್ಳದ ನೀರು ರಸ್ತೆಗೆ ಹತ್ತಿತ್ತು. ರೇಡಿಯೋದೊಳಗಿನ ಡೆಲ್ಫಿಯಾ ಮಾತ್ರ, "ಏನ್ರಪ್ಪಾ, ಎದ್ರಾ ಎಲ್ರೂ? ಆರಾಮಾಗಿ ಕಾಫಿ ಕುಡೀರಿ," ಎಂದು ನಗುತ್ತಿದ್ದಳು.

ಅದು ಹಿಂದಿನ ತಿಂಗಳು ಮುದ್ರಿಸಿಟ್ಟ ದನಿ. ಕೆಂಟಕಿಯ ಆ ಬೆಟ್ಟದ ಸಂದಿಯಲ್ಲಿ ಹೋಬಾರ್ಟ್ ನೇಪಿಯರ್ ಎಂಬಾತ ತನ್ನ ಮೇಜು ಕುರ್ಚಿಯ ಅಂಗಡಿಯ ಅಟ್ಟದಲ್ಲಿ ರೇಡಿಯೋ ಸ್ಟೇಷನ್ ಶುರುಮಾಡಿ ಎಪ್ಪತ್ತು ವರ್ಷವಾಗಿತ್ತು. ಕಲ್ಲಿದ್ದಲು ಗಣಿಯವರು ಮುಖದ ಮಸಿ ತೊಳೆಯದೆಯೇ ಪಿಟೀಲು, ಬ್ಯಾಂಜೊ ಹಿಡಿದು ಬಂದು ಅಲ್ಲಿ ಹಾಡುತ್ತಿದ್ದರು. ಯಾರು ತೀರಿಕೊಂಡರು, ಯಾರ ಬೇಟೆನಾಯಿ ತಪ್ಪಿಸಿಕೊಂಡಿತು ಎಂಬುದೆಲ್ಲ ಹಾಡು ಮುಗಿದ ಮೇಲೆ. ಹಾಡನ್ನು ಅರ್ಧಕ್ಕೆ ನಿಲ್ಲಿಸುವುದು ಒಂದೇ ಕಾರಣಕ್ಕೆ, ಹಳ್ಳ ಏರಿದಾಗ. ಸ್ವಂತ ಹೆಂಡತಿ ಸತ್ತ ಸುದ್ದಿ ಬಂದಾಗಲೂ ಹೋಬಾರ್ಟ್ ಹಾಡು ಮುಗಿಯುವ ತನಕ ಕಾದಿದ್ದನಂತೆ. ಹಾಗಾಗಿ ರೇಡಿಯೋ ನಡೆಯುತ್ತಿದ್ದರೆ ಕಣಿವೆಯ ಜನ ನೆಮ್ಮದಿಯಾಗಿ ಮಲಗುತ್ತಿದ್ದರು. ಹೋಬಾರ್ಟನ ನಂತರ ಮೈಕಿನ ಮುಂದೆ ಕೂತ ಡೆಲ್ಫಿಯಾ ಕೂಡ ಆ ಪದ್ಧತಿ ಬಿಟ್ಟವಳಲ್ಲ.

ಆಮೇಲೆ ಪಟ್ಟಣದ ಕಂಪನಿಯೊಂದು ಸ್ಟೇಷನ್ ಕೊಂಡಿತು. ಕಂಪ್ಯೂಟರ್ ತಂದು ಕೂರಿಸಿ ಅವಳನ್ನು ಮನೆಗೆ ಕಳಿಸಿತು. ಎಪ್ಪತ್ತನೇ ವರ್ಷದ ಸಂಭ್ರಮ ಬಂದಾಗ ಮಾತ್ರ ಅವಳ ನೆನಪಾಯಿತು. ಬಂದು ಇತಿಹಾಸ ಹೇಳಿ ಎಂದರು. ಅವರ ಸಂಭ್ರಮ ಯಾರಿಗೆ ಬೇಕಿತ್ತು? ಆ ಹಾಡುಗಾರರ ಹೆಸರು ಇನ್ನೊಂದು ಸಲ ಕೇಳಿಬರಲಿ ಎಂಬ ಆಸೆಗೆ ಹೋಗಿದ್ದಳು. ಕಂಪನಿಯ ಜಾಣರು ಹೆಸರುಗಳನ್ನೆಲ್ಲ ಕತ್ತರಿಸಿ ಎಸೆದು, ಅವಳ ನಗು, ಹರಟೆ ಉಳಿಸಿಕೊಂಡು, ಹಾಡುಗಳ ನಡುವೆ ಜೋಡಿಸಿ, ಅವಳು ಈಗಲೇ ಕೂತು ಮಾತಾಡುತ್ತಿರುವಂತೆ ಮಾಡಿದ್ದರು.

ಅವಳು ಕಂಪನಿಗೆ ಫೋನ್ ಮಾಡಿದಳು. ಪ್ರೆಂಟಿಸ್ ಎಂಬ ಮ್ಯಾನೇಜರ್, ಕಾರ್ಯಕ್ರಮ ಕಂಪ್ಯೂಟರಿಗೆ ಹಾಕಿ ಆಗಿದೆ, ರಜೆ ಮುಗಿಯುವ ತನಕ ಬದಲಿಸಲು ಯಾರೂ ಇಲ್ಲ, ಪ್ರವಾಹವಾದರೆ ಸರ್ಕಾರದವರಿಗೆ ಹೇಳಿ ಎಂದ. ಅಷ್ಟರಲ್ಲಿ ಮನೆಯ ಫೋನೂ ಸತ್ತಿತು. ಅವನ ವಂಶವನ್ನೆಲ್ಲ ಬೈಯುತ್ತ ಅವಳು ಗಾಡಿ ಹತ್ತಿ, ಹಳ್ಳದ ತಿರುವಿನಲ್ಲಿದ್ದ ತಮ್ಮ ಆರ್ಬಿನ್ ಮನೆಗೆ ಓಡಿಸಿದಳು.

ನೀರು ಜಗಲಿಯ ಮೆಟ್ಟಿಲಿಗೆ ಬಂದಿತ್ತು. ಆರ್ಬಿನ್ ಒಳಗೆ ರೇಡಿಯೋ ಪಕ್ಕ ಕೂತು ಬಿಸ್ಕಿಟ್ ಎನ್ನುವ ಮೆತ್ತನೆಯ ರೊಟ್ಟಿಯನ್ನು ಗ್ರೇವಿಯಲ್ಲಿ ಅದ್ದಿ ತಿನ್ನುತ್ತಿದ್ದ.

"ಏಳೋ ಮೇಲೆ. ಹಳ್ಳ ಮನೆಗೆ ಬಂತು."

ಅವನು ಅವಳನ್ನೊಮ್ಮೆ, ರೇಡಿಯೋವನ್ನೊಮ್ಮೆ ನೋಡಿದ. "ಅಲ್ಲಕ್ಕಾ, ನೀನು ಅಲ್ಲಿ ಮಾತಾಡ್ತಾ ಇದ್ದೀಯಲ್ಲ. ನೀನಿದ್ದೀಯ ಅಂತ ನಾನು ಹೊರಗೇ ನೋಡ್ಲಿಲ್ಲ."

"ಅದು ಹೋದ ತಿಂಗಳದ್ದು ಕಣೋ."

ಆರ್ಬಿನ್ ಕೈಯ ತುತ್ತು ಹಾಗೇ ನಿಂತಿತು. "ಕ್ಲೆಲ್ ಹೆದರ್ಕೊಂಡು ಫೋನ್ ಮಾಡಿದ್ದ. ಅಕ್ಕ ರೇಡಿಯೋದಲ್ಲಿದಾಳೆ, ಮಕ್ಕಳನ್ನ ಎಬ್ಬಿಸ್ಬೇಡ ಅಂದ್ಬಿಟ್ಟೆ."

ನೆರೆಯವನಾದ ಕ್ಲೆಲ್‌ನ ಮನೆ ಇನ್ನೂ ಕೆಳಗಿತ್ತು. ಅಲ್ಲಿಗೆ ಹೋಗುವ ರಸ್ತೆ ಆಗಲೇ ಮುಳುಗಿತ್ತು. ತನ್ನ ದನಿಯನ್ನು ಕದ್ದು, ಅದರಿಂದಲೇ ತನ್ನ ಜನರನ್ನು ಮಲಗಿಸಿದ್ದಾರೆ ಎನಿಸಿ ಡೆಲ್ಫಿಯಾಗೆ ಸಿಟ್ಟು ನೆತ್ತಿಗೇರಿತು. ಮೂಲೆಯಲ್ಲಿದ್ದ ಕೊಡಲಿ ಎತ್ತಿಕೊಂಡಳು. ಇಬ್ಬರೂ ಮನೆಯ ಹಿಂದಿನ ಗುಡ್ಡ ಹತ್ತಿ ಸ್ಟೇಷನ್ನಿನ ಪ್ರಸಾರವೆಲ್ಲ ಹೊರಡುತ್ತಿದ್ದ ರೇಡಿಯೋ ಗೋಪುರದ ಕೋಣೆಗೆ ಬಂದರು. ಬೀಗಕ್ಕೆ ಅವಳು ಕೊಟ್ಟ ಪೆಟ್ಟು ಬೀಗಕ್ಕಷ್ಟೇ ಕೊಟ್ಟದ್ದಾಗಿರಲಿಲ್ಲ.

ಒಳಗೆ ದೀಪ ಮಿನುಗಿಸುವ ಪೆಟ್ಟಿಗೆಗಳಿದ್ದವು, ನರಪಿಳ್ಳೆಯೂ ಇರಲಿಲ್ಲ. ಜನರನ್ನು ಎಚ್ಚರಿಸೋಣವೆಂದರೆ ಹಿಂದೆ ಅಲ್ಲಿದ್ದ ಮೈಕನ್ನೂ ಕಂಪನಿಯವರು ಕಿತ್ತೊಯ್ದಿದ್ದರು. ಆರ್ಬಿನ್ ಕೈಯ ರೇಡಿಯೋದಲ್ಲಿ ಅವಳ ದನಿ ಹೋಬಾರ್ಟನ ಒಳ್ಳೆಯತನ ಹೊಗಳುತ್ತಿತ್ತು. ಡೆಲ್ಫಿಯಾ ಕರೆಂಟಿನ ದೊಡ್ಡ ಹಿಡಿಯನ್ನು ಎರಡೂ ಕೈಯಲ್ಲಿ ಎಳೆದಳು. ಮಾತು ಅರ್ಧಕ್ಕೇ ನಿಂತಿತು.

ರೇಡಿಯೋ ನಿಂತದ್ದೇ ಕೆಳಗೆ ಕ್ಲೆಲ್ ಬನಿಯನ್ನಿನಲ್ಲೇ ಹೊರಗೆ ಬಂದ. ಹಳ್ಳದ ಕಡೆ ತಿರುಗಿದವನೇ ಒಳಗೆ ಓಡಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬಂದು, ಹೆಂಡತಿಯ ಕೈ ಹಿಡಿದು ಗುಡ್ಡದ ಕಡೆ ನುಗ್ಗಿದ. ಅವನಾಚೆ ಇನ್ನೊಂದು ಬಾಗಿಲು ತೆರೆಯಿತು, ಮತ್ತೊಂದು ತೆರೆಯಿತು. ಜನ ಒಬ್ಬರನ್ನೊಬ್ಬರು ಕೂಗುತ್ತ ಮೇಲೆ ಹತ್ತತೊಡಗಿದರು.

ಗುಡ್ಡದ ಮೇಲೆ ಸಿಗ್ನಲ್ ಇತ್ತು. ಡೆಲ್ಫಿಯಾಳ ಜೇಬಿನ ಫೋನ್ ಹೊಡೆದುಕೊಂಡಿತು.

"ಮೇಡಂ, ಪ್ರೆಂಟಿಸ್ ಮಾತಾಡ್ತಿರೋದು. ಸ್ಟೇಷನ್ ಬಂದ್ ಆಗಿದೆ, ಜಾಹೀರಾತೆಲ್ಲ ತಪ್ಪಿಹೋಗ್ತಿದೆ. ಏನಾಯ್ತು ಅಂತ ಸ್ವಲ್ಪ ಹೋಗಿ ನೋಡ್ತೀರಾ?"

ಕಣಿವೆ ಮುಳುಗಿದ್ದು ಇವರಿಗೆ ಕೇಳಿಸಿರಲಿಲ್ಲ. ಜಾಹೀರಾತು ನಿಂತದ್ದು ಆಗಲೇ ಕೇಳಿಸಿತ್ತು.

"ಬಂದ್ ಮಾಡಿದ್ದು ನಾನೇ," ಎಂದಳು. "ಮತ್ತೆ ಶುರು ಮಾಡ್ಬೇಕಾದ್ರೆ ಈ ನೀರಲ್ಲಿ ಈಜ್ಕೊಂಡು ಬಾ."

ಫೋನ್ ಜೇಬಿಗೆ ತುರುಕಿ, ಕ್ಲೆಲ್‌ನ ಹೆಗಲ ಮೇಲಿದ್ದ ಮಗುವನ್ನು ಎತ್ತಿಕೊಳ್ಳಲು ಕೆಸರಿನಲ್ಲಿ ಇಳಿದಳು.