ಮೂರನೇ ಗೇರಿನ ಏರು

ಇಂಜಿನ್ನಿನ ಒಳಗನ್ನು ಬಲ್ಲವರು ಹೇಳಬೇಕಾದ ಕಥೆ ಇದು. ಬಲ್ಲವರು ಸುಮ್ಮನಿರುವುದರಿಂದ ಅರೆಬರೆ ತಿಳಿದವರ ಬಾಯಿಗೆ ಬಂದಿದೆ. ಎಲ್ಲಾದರೂ ಒಂದು ನಟ್ಟು ಸಡಿಲವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಏರಿನ ಬುಡದಲ್ಲಿ ಜೀಪು ನಿಲ್ಲಿಸಿ, ಬಾನೆಟ್ ಎತ್ತಿ, ಮೇಸ್ತ್ರಿ ಡಿಸ್ಟ್ರಿಬ್ಯೂಟರನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ. ಅವತ್ತು ಅದು ಮೂರನೆಯ ಸಲ. ನಾಲ್ಕು ಸಿಲಿಂಡರುಗಳಿಗೂ ಕಿಡಿ ಹಂಚುವ ಆ ಕರಿಯ ಬುರುಡೆಯನ್ನು ಇಷ್ಟೇ ಇಷ್ಟು ತಿರುಗಿಸಿದರೆ ಕಿಡಿ ಒಂದು ಗಳಿಗೆ ಮೊದಲೇ ಹಾರುತ್ತದೆ, ಇಂಜಿನ್ನಿನ ಎಳೆತ ಹೆಚ್ಚುತ್ತದೆ. ಅತಿಯಾದರೆ ಮಾತ್ರ ಒಳಗೆ ಬಡಿತ ಶುರು, ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ. ಆ ಬಡಿತವನ್ನು ಲೆಕ್ಕಿಸದೆ ಓಡಿಸಿದರೆ ಒಂದು ದಿನ ಪಿಸ್ಟನ್ ತೂತಾಗಿ ಇಂಜಿನ್ ಗುಜರಿಗೆ ಹೋಗುತ್ತದೆ. ಮೇಸ್ತ್ರಿಯ ಕ್ರಮ ಸರಳ: ತಿರುಗಿಸು, ಮೂರನೇ ಗೇರಿನಲ್ಲಿ ಪೆಡಲು ಪೂರ್ತಿ ಒತ್ತಿ ಏರು ಹತ್ತಿಸು, ಕಲ್ಲಿನ ಸದ್ದು ಕೇಳಿದ ಕೂಡಲೇ ಒಂದೆಳೆ ಹಿಂದಕ್ಕೆ ತಾ. ಬೇರೆ ಗ್ಯಾರೇಜಿನವರು ಮಿಂಚುವ ದೀಪ ಹಿಡಿದು ನೋಡುವುದನ್ನು ಅವನು ನಲವತ್ತು ವರ್ಷ ಕಿವಿಯಲ್ಲೇ ನೋಡಿದ್ದ.

ಜೀಪು ದನದ ಡಾಕ್ಟರಮ್ಮನದು. ಲಸಿಕೆಯ ತಣ್ಣನೆ ಪೆಟ್ಟಿಗೆ, ಇಬ್ಬರು ಸಹಾಯಕರು, ಇಷ್ಟನ್ನೂ ಹೊತ್ತುಕೊಂಡು ಗುಡ್ಡ ಹತ್ತುವಾಗ ಕೊನೆಯ ತಿರುವಿನಲ್ಲಿ ಅದರ ಉಸಿರೇ ನಿಂತುಹೋಗುತ್ತಿತ್ತು. "ಮೇಸ್ತ್ರಿ, ಈ ನಾಲ್ಕು ಸಿಲಿಂಡರಿಗೆ ಏನಾದ್ರೂ ಶಕ್ತಿ ಬರೋ ಹಾಗೆ ಮಾಡಿ. ಕುರಿಗಳೇ ನನ್ನನ್ನ ಓವರ್‌ಟೇಕ್ ಮಾಡ್ತಿವೆ," ಎಂದು ಬಿಟ್ಟುಹೋಗಿದ್ದಳು. ಎಂಟು ದಿನ ಕೆಲಸ ನಡೆದಿತ್ತು. ಇಂಜಿನ್ನಿನ ಮುಚ್ಚಳದಂಥ ಹೆಡ್ ಬಿಚ್ಚಿ ಅರ್ಧ ಮಿಲಿಮೀಟರು ಹೆರೆಸಿ, ಗಾಳಿ ಬರುವ ದಾರಿಗಳನ್ನು ನುಣುಪು ಮಾಡಿ, ವಾಲ್ವುಗಳನ್ನು ಪೇಸ್ಟು ಹಚ್ಚಿ ಉಜ್ಜಿ ಕೂರಿಸಿದ್ದ. ಕಾರ್ಬ್ಯುರೇಟರು ಹೆಂಡತಿಯ ಪಾಲಿನದು. ಅವಳ ಬೆರಳು ಸಣ್ಣ, ಸಹನೆ ದೊಡ್ಡದು. ಉಳಿದದ್ದು ಈ ಕಿಡಿಯ ಲೆಕ್ಕ ಒಂದೇ. ಸಂಜೆ ಡಾಕ್ಟರಮ್ಮ ಬರುತ್ತಾಳೆ, ಬೆಳಗಾದರೆ ಗುಡ್ಡ ಹತ್ತುತ್ತಾಳೆ.

ಭಾರಕ್ಕೆಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ.

"ತೂಕಕ್ಕೆ ನಾನೇ ಬೇಕಿತ್ತಾ? ಎರಡು ಮೂಟೆ ಮರಳು ಹಾಕ್ಕೊಂಡಿದ್ರೆ ಆಗ್ತಿರಲಿಲ್ವಾ?"

"ಮರಳಿನ ಮೂಟೆ ಜಗಳ ಆಡಲ್ಲ ಕಣೇ. ಬೇಜಾರು."

ಅವಳು ನಗಲಿಲ್ಲ. ಸ್ಪ್ಯಾನರುಗಳ ಡಬ್ಬಿಯನ್ನು ಕಾಲಬುಡದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು.

ಜೀಪು ಹೊರಟಿತು. ಮೊದಲ ತಿರುವು ಕಳೆಯುವಷ್ಟರಲ್ಲಿ ಮೇಸ್ತ್ರಿಗೆ ಚಕ್ರಗಳು ನೆಲ ಬಿಟ್ಟಂತೆ ಅನ್ನಿಸಿತು. ಯಾರೋ ಮೇಲಿನಿಂದ ದಾರ ಕಟ್ಟಿ ಮೆಲ್ಲಗೆ ಎಳೆದುಕೊಳ್ಳುತ್ತಿರುವ ಹಾಗೆ. ಈಚೆಗೆ ಎರಡು ವರ್ಷದಿಂದ ಲೋಕವೇ ಹೀಗೆ ಮೆತ್ತಗಾಗುತ್ತ ಬಂದಿತ್ತು. ಶೆಡ್ಡಿನ ತೊಲೆಯ ಗುಬ್ಬಿಗಳು ಎಲ್ಲಿಗೋ ಹೋಗಿಬಿಟ್ಟಿದ್ದವು. ಕೈಜಾರಿದ ಬೀಗದ ಕೈ ಹತ್ತಿಯ ಮೇಲೆ ಬಿದ್ದಂತೆ ಬೀಳುತ್ತಿತ್ತು. ವಯಸ್ಸಾದವರಿಗೆ ಸಿಗುವ ನೆಮ್ಮದಿ ಎಂದರೆ ಇದೇ ಇರಬೇಕು ಎಂದುಕೊಂಡಿದ್ದ. ಈಗ ಇಂಜಿನ್ನೂ ಆ ನೆಮ್ಮದಿಗೆ ಸೇರಿಕೊಂಡಿತ್ತು. ಅದರ ಮಂದ್ರದ ಗುಂಯ್ಗಾಟ ಅಂಗಾಲಿನಿಂದ ಎದೆಯವರೆಗೆ ಹರಿದುಬರುತ್ತಿತ್ತು, ಅದರೊಳಗೆ ಒಂದು ಕಲ್ಲಿನ ಸದ್ದೂ ಇರಲಿಲ್ಲ. ಮೂರು ಸಲ ತಿರುಗಿಸಿದರೂ ಬಡಿಯದ ಇಂಜಿನ್ನನ್ನು ಅವನು ಕಂಡವನೇ ಅಲ್ಲ. ಕೊನೆಯ ತಿರುವು ಮೂರನೇ ಗೇರಿನಲ್ಲೇ ದಾಟಿತು.

ನೆತ್ತಿಯಲ್ಲಿ ಇಂಜಿನ್ ಆರಿಸಿದ. "ಕೇಳಿಸ್ತಾ?"

"ಏನು?"

"ಏನೂ ಇಲ್ಲ ಅಲ್ವಾ? ಅದನ್ನೇ ನಾನು ಹೇಳ್ತಿರೋದು. ಇನ್ನೊಂದೆಳೆ ಕೊಡ್ತೀನಿ ನೋಡು."

ಅವನು ಇಳಿಯಹೊರಟಾಗ ಹೆಂಡತಿ ಮಣಿಕಟ್ಟು ಹಿಡಿದಳು.

"ಹಿಂದಕ್ಕೆ ತಿರುಗಿಸ್ರೀ."

"ಯಾಕೆ?"

"ಬಡೀತಿದೆ. ಬುಡದಿಂದ ನೆತ್ತಿ ತನಕ."

"ಅದು ನಿನ್ನ ಸ್ಪ್ಯಾನರ್ ಡಬ್ಬಿ."

"ಮೊದಲ್ನೇ ಸಲ ನಾನೂ ಹಾಗೇ ಅಂದ್ಕೊಂಡೆ. ಅದಕ್ಕೇ ಈಗ ತೊಡೆ ಮೇಲೆ ಇಟ್ಕೊಂಡಿದ್ದು."

ಮೇಸ್ತ್ರಿ ನಕ್ಕ. ನಗು ಅರ್ಧದಲ್ಲೇ ನಿಂತಿತು. ನೆತ್ತಿಯ ಮೇಲೆ ಬಿಸಿಲು ಹಾಲಿನಂತೆ ಚೆಲ್ಲಿತ್ತು. ಹುಲ್ಲು ಬಾಗುವುದು ಕಾಣುತ್ತಿತ್ತು.

"ಈಗ ಏನು ಕೇಳ್ತಿದೆ ಇಲ್ಲಿ? ಹೇಳು."

ಅವಳು ಕಿವಿಗೊಟ್ಟು ಹೇಳಿದಳು. "ಗಾಳಿ. ಸೈಲೆನ್ಸರ್ ತಣ್ಣಗಾಗ್ತಾ ಟಿಕ್ ಟಿಕ್ ಅಂತಿದೆ. ಮತ್ತೆ ಗುಬ್ಬಿ."

"ಗುಬ್ಬಿ ಹೋಗಿ ಎರಡು ವರ್ಷ ಆಯ್ತಲ್ಲೇ."

"ಹೋಗಿಲ್ಲ. ನಮ್ಮ ಶೆಡ್ಡಲ್ಲೂ ಇವೆ. ಬೆಳಗಾದ್ರೆ ತಲೆ ತಿಂತಾವೆ."

"ಹೇಳಲಿಲ್ಲ ನೀನು."

"ಏನಂತ ಹೇಳ್ಲಿ? ಮೂರು ಸಲ ಕರೆದ್ರೆ ಒಂದು ಸಲ ತಿರುಗ್ತೀರಿ. ಬೇಕಂತಲೇ ಮಾಡ್ತೀರಿ ಅಂದ್ಕೊಂಡಿದ್ದೆ. ಹಾಗಂತ್ಲೇ ಅಂದ್ಕೊಂಡಿರೋಣ ಅಂತಾನೂ ಇತ್ತು."

ಅವನು ಅವಳ ಮಾತನ್ನು ನಂಬಲಿಲ್ಲ, ನಂಬದೆಯೂ ಇರಲಿಲ್ಲ. ಡಬ್ಬಿಯಿಂದ ಸ್ಪ್ಯಾನರು ತೆಗೆದು, ಬಿಸಿಯಿದ್ದರೂ ಬಟ್ಟೆ ಹಿಡಿದು, ಮೂರನೇ ಸಿಲಿಂಡರಿನ ಪ್ಲಗ್ಗು ಬಿಚ್ಚಿದ. ಬಿಸಿಲಿಗೆ ಹಿಡಿದ. ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳು, ನಡುವೆ ಒಂದೆರಡು ಬೆಳ್ಳಿಯಂತೆ ಮಿನುಗಿದವು. ಬಡಿತಕ್ಕೆ ಕಿತ್ತುಬಂದ ಪಿಸ್ಟನ್ನಿನ ಲೋಹ ಅದು. ಕಣ್ಣು ಕೆಟ್ಟಿರಲಿಲ್ಲ. ಬೆಳಿಗ್ಗೆ ಡಾಕ್ಟರಮ್ಮ ಈ ಗುಡ್ಡದ ನಡುವೆ, ಲಸಿಕೆಯ ಪೆಟ್ಟಿಗೆ ಹೊತ್ತು, ಹೊಗೆ ಉಗುಳುವ ಸತ್ತ ಇಂಜಿನ್ನಿನ ಮುಂದೆ ನಿಂತಿರುವುದು ಅವನಿಗೆ ಕಂಡಿತು. ಅದಕ್ಕಿಂತ ಸ್ಪಷ್ಟವಾಗಿ, ನಾಳಿದ್ದು ತನ್ನ ಶೆಡ್ಡಿನ ಮುಂದೆ ಯಾವ ಗಾಡಿಯೂ ನಿಲ್ಲದಿರುವುದು ಕಂಡಿತು.

"ಮೂಟೆ ಮರಳು ತಂದಿದ್ರೆ ಕೆಟ್ಟಿದ್ದೆ," ಅಂದ.

ಕೆಳಗಿಳಿದು ಬಂದು ಮತ್ತೆ ಶುರು ಮಾಡಿದರು. ಹತ್ತುವಾಗ ಬಡಿತ ಕೇಳಿದಾಗೆಲ್ಲ ಅವಳು ಅವನ ಮಂಡಿಯ ಮೇಲೆ ಬೆರಳಿನಿಂದ ತಟ್ಟಬೇಕು ಎಂದು ಮಾತಾಯಿತು. ಒಂದೆಳೆ ಹಿಂದೆ ತಂದ. ಮಂಡಿಯ ಮೇಲೆ ಬೆರಳು ಎಡೆಬಿಡದೆ ತಟ್ಟಿತು. ಇನ್ನೊಂದೆಳೆ. ತಿರುವುಗಳಲ್ಲಿ ಮಾತ್ರ ತಟ್ಟಿತು. ನಾಲ್ಕನೆಯ ಸಲ ಬೆರಳು ಮಂಡಿಯ ಮೇಲೆ ಸುಮ್ಮನೆ ಕೂತಿತ್ತು. ಮೂರನೇ ಗೇರು ಕೊನೆಯ ತಿರುವಿನಲ್ಲಿ ಸೋತಿತು, ಎರಡಕ್ಕೆ ಇಳಿಸಬೇಕಾಯಿತು. ಆದರೂ ಇಂಜಿನ್ ಹತ್ತಿತು.

"ಮೂರರಲ್ಲೇ ಹತ್ತಿತ್ತಲ್ಲ," ಎಂದ ಮೇಸ್ತ್ರಿ, ತನಗೇ ಹೇಳಿಕೊಂಡಂತೆ.

"ಹತ್ತಿತ್ತು," ಅಂದಳು. "ಎಷ್ಟು ದಿನ ಹತ್ತಬೇಕು ಅನ್ನೋದು ನೋಡಿ."

ಸಂಜೆ ಬಿಸಿಲಿರುವಾಗಲೇ ಡಾಕ್ಟರಮ್ಮ ಬಂದಳು. ಎರಡನೇ ಗೇರಿನ ಮಾತು ಕೇಳಿ, "ಮೊದಲು ಒಂದರಲ್ಲೂ ಹತ್ತುತ್ತಿರಲಿಲ್ಲ ಮೇಸ್ತ್ರಿ, ಕುರಿಗಳಿಗೆ ಹೇಳಿ ದಾರಿ ಬಿಡೋಕೆ," ಎಂದು ನಕ್ಕಳು. "ಒಂದ್ಸಲ ನೀವೇ ಓಡಿಸಿ ತೋರಿಸಿ. ನಿಮ್ಮ ಕಿವಿ ಒಪ್ಪಿದ್ರೆ ಸಾಕು ನನಗೆ."

ಮೇಸ್ತ್ರಿ ಕೀಲಿ ಕೈಗೆತ್ತಿಕೊಂಡ. ಆಮೇಲೆ ಹೆಂಡತಿಯ ಕಡೆ ನೋಡಿ, "ನೀನೂ ಹತ್ತು," ಎಂದ.

ಡಾಕ್ಟರಮ್ಮ ಮುಂದೆ ಕೂತಳು, ಹೆಂಡತಿ ಹಿಂದೆ. ಏರು ಶುರುವಾದಾಗ ಅವಳು ಮುಂದಕ್ಕೆ ಬಾಗಿ ಗಂಡನ ಹೆಗಲ ಮೇಲೆ ಅಂಗೈ ಇಟ್ಟಳು. ತಿರುವಿಗೆ ಹೆದರಿ ಹಿಡಿದುಕೊಂಡಿದ್ದಾಳೆ ಎಂದು ಡಾಕ್ಟರಮ್ಮ ಅಂದುಕೊಂಡಿರಬೇಕು. ಜೀಪು ಹೊಂಬಿಸಿಲಿನೊಳಗೆ ತೇಲಿದಂತೆ ಹತ್ತುತ್ತಿತ್ತು, ಅಂಗೈ ಹೆಗಲ ಮೇಲೆ ಅಲುಗದೆ ಇತ್ತು.

ನೆತ್ತಿ ತಲುಪಿದ ಮೇಲೆ ಅವನು ಡಾಕ್ಟರಮ್ಮನಿಗೆ ತನ್ನ ಕಿವಿಯ ಸಂಗತಿ ಹೇಳಿದನೋ ಇಲ್ಲವೋ, ಗೊತ್ತಿಲ್ಲ.